ದೇವರ ಕಡೆ ಕಾಲು

ಹೊಸ ಮಗುವೊಂದು ನನ್ನ ಜಿಮ್ನಾಸ್ಟಿಕ್ಸ್ ಹಾಲಿಗೆ ಬಂದರೆ ನಾನು ಹೆಸರಿನ ನಂತರ ಕೇಳುವುದು ಒಂದೇ ಪ್ರಶ್ನೆ: ಮನೆಯಲ್ಲಿ ಎಲ್ಲಿ ಪ್ರಾಕ್ಟೀಸ್ ಮಾಡುತ್ತೀ, ಅಲ್ಲಿ ಏನೇನಿದೆ? ಮುಂಬಯಿಯ ಈ ಪಾರ್ಲೆಯ ತಾಯಂದಿರಿಗೆ ಇದು ವಿಚಿತ್ರ ಅನಿಸುತ್ತದೆ. ಅವರು ಮಗುವಿನ ಊಟದ ಬಗ್ಗೆ, ಬೆನ್ನಿನ ಬಗ್ಗೆ, ಶಾಲೆಯ ಪರೀಕ್ಷೆಯ ಬಗ್ಗೆ ಮಾತಾಡಲು ಸಿದ್ಧರಾಗಿ ಬಂದಿರುತ್ತಾರೆ. ನಾನು ನೋಡಿದರೆ ಅವರ ಸೋಫಾ ಎಲ್ಲಿದೆ, ಟಿವಿ ಯಾವ ಗೋಡೆಗಿದೆ ಎಂದು ವಿಚಾರಿಸುತ್ತೇನೆ. ಕೆಲವರು ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ಮಕ್ಕಳ ಮೊಣಕಾಲು ಮಡಿಯುವುದು, ಕತ್ತು ಸೊಟ್ಟಗಾಗುವುದು, ಉರುಳುವಾಗ ಒಂದೇ ಭುಜಕ್ಕೆ ವಾಲುವುದು, ಇವೆಲ್ಲ ಅರ್ಧಕ್ಕರ್ಧ ಮನೆಯಿಂದ ಬರುವ ಕಾಯಿಲೆಗಳು. ಮುಂದಕ್ಕೆ ಉರುಳು ಅಂದರೆ ಸದಾ ಎಡಕ್ಕೇ ಬೀಳುತ್ತಿದ್ದ ಹುಡುಗನೊಬ್ಬನಿದ್ದ. ಅವನ ಮನೆಯ ಹಾಸಿಗೆಯ ಬಲಕ್ಕೆ ಕಪಾಟಿನ ಚೂಪು ಮೂಲೆಯಿತ್ತು, ಒಮ್ಮೆ ಕಿವಿಗೆ ಬಡಿದಿತ್ತು. ನಾನು ಕಪಾಟು ಸರಿಸಿರಿ ಅಂದೆ, ಹುಡುಗ ನೇರವಾದ. ಇದನ್ನು ನನಗೆ ಯಾವ ಕೋಚಿಂಗ್ ಕೋರ್ಸಿನಲ್ಲೂ ಹೇಳಿಕೊಟ್ಟಿಲ್ಲ. ನಾನು ಕಲಿತದ್ದು ಆಂಟಾಪ್ ಹಿಲ್‌ನ ನಮ್ಮ ಒಂದೇ ಖೋಲಿಯ ಮನೆಯಲ್ಲಿ, ನನ್ನದೇ ಕಾಲುಗಳಿಂದ.

ಬಾಗಿಲು ತೆಗೆದರೆ ಎಡಗಡೆ ಅಡುಗೆಕಟ್ಟೆ, ಅದಕ್ಕೆ ಅಂಟಿಕೊಂಡು ಪಾತ್ರೆ ತೊಳೆಯುವ ಮೋರಿ. ಬಲಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಟ್ರಂಕುಗಳು, ಅವುಗಳ ಮೇಲೆ ಸುತ್ತಿಟ್ಟ ಹಾಸಿಗೆಗಳು. ಬಾಗಿಲ ಪಕ್ಕದಲ್ಲೇ ಆಯಿಯ ಮಂಚ. ಆಯಿ ಅಂದರೆ ಅಪ್ಪನ ತಾಯಿ. ನಮ್ಮ ವಿಜಾಪುರದ ಕಡೆ ಅಜ್ಜಿಗೆ ಹಾಗೆನ್ನುತ್ತಾರೆ. ಬಾಗಿಲಿಗೆ ಎದುರಾದ ಗೋಡೆಯಲ್ಲಿ ಒಂದು ಕಿಟಕಿ, ಅದರ ಪಕ್ಕ ದೇವರ ಹಲಗೆ. ಆ ಹಲಗೆಯ ಮೇಲೆ ಎಲ್ಲಮ್ಮನ ಫೋಟೊ, ಹಿತ್ತಾಳೆಯ ಬಸವಣ್ಣ, ಪಂಢರಪುರದಿಂದ ತಂದ ಕರಿ ವಿಠ್ಠಲ, ಊದುಬತ್ತಿಯ ಬೂದಿ. ಹಲಗೆಯ ಕೆಳಗೆ ಒಂದು ಪೊರಕೆಯನ್ನೂ ಒರಗಿಸಲು ಆಯಿ ಬಿಡುತ್ತಿರಲಿಲ್ಲ, ಹಾಗಾಗಿ ಇಡೀ ಮನೆಯಲ್ಲಿ ಖಾಲಿ ಜಾಗ ಅಂತ ಇದ್ದರೆ ಅದು ದೇವರ ಮುಂದಿನದು ಮಾತ್ರ. ಅಪ್ಪ ಟೈಲ್ಸ್ ಕೂರಿಸುವ ಕೆಲಸಕ್ಕೆ ಬೆಳಿಗ್ಗೆಯೇ ಹೋಗುತ್ತಿದ್ದ, ಅವ್ವ ಮಾಟುಂಗಾದ ಬಿಲ್ಡಿಂಗುಗಳಲ್ಲಿ ಎರಡು ಮನೆಗೆ ಅಡುಗೆ ಮಾಡಲು ಹೋಗುತ್ತಿದ್ದಳು. ಬೆಳಗಿನ ಜಾವ ಅವ್ವ ರೊಟ್ಟಿ ಬಡಿಯುವ ಸದ್ದಿಗೇ ನಾವು ಏಳುವುದು. ಉಳಿದಂತೆ ಮನೆ ಆಯಿಯದು, ಕಾನೂನೂ ಆಯಿಯದು.

ಕಾನೂನುಗಳಲ್ಲಿ ಮೊದಲನೆಯದು ಕಾಲಿನದು. ದೇವರ ಕಡೆ ಕಾಲು ಚಾಚಬಾರದು. ಹಿರಿಯರ ಕಡೆ ಚಾಚಬಾರದು. ರೊಟ್ಟಿಯ ಬುಟ್ಟಿ ದಾಟಬಾರದು, ಪೊರಕೆ ತುಳಿಯಬಾರದು, ಪುಸ್ತಕಕ್ಕೆ ತಾಕಿಸಬಾರದು. ತಪ್ಪಿ ಯಾರಿಗಾದರೂ ಕಾಲು ತಾಕಿದರೆ ಆ ಕ್ಷಣ ಅವರನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು. ಮಲಗುವಾಗ ನಮ್ಮ ತಲೆ ದೇವರ ಕಡೆ, ಕಾಲು ಬಾಗಿಲ ಕಡೆ. ಹಾಗಾದರೆ ಕಾಲು ಆಯಿಯ ಮಂಚದ ಕಡೆ ಆಯಿತಲ್ಲ ಎಂದು ನಾನು ಒಮ್ಮೆ ಕೇಳಿದ್ದೆ.

"ಮಂಚ ಮ್ಯಾಲೈತಿ, ನೀವು ಕೆಳಗದೀರಿ. ಅದಕ್ಕ ದೋಷಿಲ್ಲ. ಬಾಯಿ ಮುಚ್ಚಿ ಮಲಕೋ."

ಹೀಗೆ ಕಾನೂನು ಮಾಡುವವಳೂ ಆಯಿಯೇ, ಅದರಲ್ಲಿ ಕಿಂಡಿ ಕೊರೆಯುವವಳೂ ಆಯಿಯೇ. ಬಸ್ಸಿನಲ್ಲಿ, ಲೋಕಲ್‌ನಲ್ಲಿ ಯಾರ ಕಾಲು ಯಾರಿಗೆ ತಾಕಿದರೂ ನಾನು ಮುಟ್ಟಿ ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ. ಮುಂಬಯಿಯ ಲೋಕಲ್‌ನಲ್ಲಿ ಹಾಗೆ ಮಾಡುತ್ತ ಕೂತರೆ ಇಳಿಯುವ ಸ್ಟೇಷನ್ ದಾಟಿಯೇ ಹೋಗುತ್ತದೆ. ಆದರೂ ಮಾಡುತ್ತಿದ್ದೆ, ಕೈ ತಾನಾಗಿ ಹೋಗುತ್ತಿತ್ತು.

ನಮ್ಮ ಕಾಲೊನಿಯ ಹಿಂದೆ ಒಂದು ವ್ಯಾಯಾಮಶಾಲೆಯಿತ್ತು. ಹಳೇ ಹಾಲು, ಒಂದು ಗೋಡೆಗೆ ಹಾರ ಹಾಕಿದ ಮಾರುತಿಯ ಫೋಟೊ, ಹತ್ತಿ ಹೊರಬಿದ್ದ ಹಳೇ ಗಾದಿಗಳು. ಸಂಜೆ ಅಲ್ಲಿ ಸದಾನಂದ ಸರ್ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಹೇಳಿಕೊಡುತ್ತಿದ್ದರು. ಸರ್ ಉಡುಪಿ ಕಡೆಯವರು. ಗ್ರಾಂಟ್ ರೋಡಿನಲ್ಲಿ ಅಣ್ಣನ ಹೋಟೆಲಿನ ಗಲ್ಲಾದಲ್ಲಿ ಮಧ್ಯಾಹ್ನದವರೆಗೆ ಕೂತು, ಅಂಗಿಗೆ ಸಾಂಬಾರಿನ ವಾಸನೆ ಅಂಟಿಸಿಕೊಂಡೇ ಬರುತ್ತಿದ್ದರು. ಕಿಟಕಿಯಿಂದ ನೋಡುತ್ತ ನಿಂತಿದ್ದ ನನ್ನನ್ನು ಅವರೇ ಒಳಗೆ ಕರೆದರು. ಸೇರಿದ ಕೆಲವೇ ದಿನಗಳಲ್ಲಿ ನನಗೆ ಬೇರೆ ಏನೂ ಬೇಡ ಅನಿಸಿಬಿಟ್ಟಿತು. ತಲೆಕೆಳಗಾದಾಗ ಕಿವಿಯಲ್ಲಿ ಆಗುವ ಆ ನಿಶ್ಶಬ್ದ, ಮತ್ತೆ ಕಾಲೂರಿದಾಗ ಹಾಲಿನ ಗದ್ದಲವೆಲ್ಲ ಒಮ್ಮೆಗೆ ವಾಪಸು ಬರುವುದು, ಅದಕ್ಕಾಗಿ ನಾನು ಶಾಲೆ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೆ. ಉರುಳುವುದು ಬೇಗ ಬಂತು. ಕೈಯ ಮೇಲೆ ನಿಲ್ಲುವುದು ಹಾಗೂ ಹೀಗೂ ಬಂತು. ಬಾರದೇ ಉಳಿದದ್ದು ಕಾರ್ಟ್‌ವೀಲ್. ಗಾಲಿಯ ಹಾಗೆ ಪಕ್ಕಕ್ಕೆ ತಿರುಗುವ ಆಟ ಅದು, ಕಾಲುಗಳು ನೆತ್ತಿಯ ಮೇಲಿಂದ ನೇರವಾಗಿ ದಾಟಿ ಬರಬೇಕು. ನನ್ನವು ದಾಟುತ್ತಿರಲಿಲ್ಲ. ಮೊಣಕಾಲು ಮಡಿದು, ಸೊಂಟ ಮುರಿದು, ಪಕ್ಕದಿಂದ ತಗ್ಗಿನಲ್ಲಿ ಸುತ್ತಿ ಬರುತ್ತಿದ್ದವು, ಕಳ್ಳರು ಗೋಡೆಯ ಮಗ್ಗುಲಿಂದ ನುಸುಳಿದ ಹಾಗೆ.

"ಎಂತ ಮಾರಾಯ್ತಿ ಇದು? ಕಾಲು ಮೇಲೆ ಹೋಗ್ಲಿಕ್ಕೆ ಉಂಟು, ಹೊಟ್ಟೆಯೊಳಗೆ ಹೋಗ್ಲಿಕ್ಕಲ್ಲ."

ಸರ್ ಎಲ್ಲ ಉಪಾಯ ಮಾಡಿದರು. ನೆಲಕ್ಕೆ ಸುಣ್ಣದ ಗೆರೆ ಎಳೆದರು. ಮೊಣಕಾಲಿಗೆ ರಟ್ಟು ಕಟ್ಟಿದರು. ಹಗ್ಗ ಹಿಡಿದು ಅದರ ಮೇಲಿಂದ ಕಾಲು ತಾ ಅಂದರು, ನಾನು ಹಗ್ಗವನ್ನೇ ಎಳೆದುಕೊಂಡು ಬಿದ್ದೆ. ಜೊತೆಯ ಹುಡುಗಿಯರು ಕಾರ್ಟ್‌ವೀಲ್ ದಾಟಿ ಅದರ ಮುಂದಿನ ರೌಂಡ್‌ಆಫ್‌ಗೆ ಹೋದರು, ನಾನು ಮೂಲೆಯಲ್ಲಿ ನನ್ನ ಗೆರೆಯ ಮೇಲೆ ಉಳಿದೆ. ಆ ವರ್ಷ ಪಾರ್ಲೆಯ ದೊಡ್ಡ ಹಾಲಿಗೆ ಮಕ್ಕಳನ್ನು ಆರಿಸುವವರಿದ್ದರು. ಅಲ್ಲಿ ಒಳ್ಳೆಯ ಗಾದಿಗಳಿದ್ದವು, ದಿನಾ ತರಬೇತಿಯಿತ್ತು. ಕಾರ್ಟ್‌ವೀಲ್ ನೇರವಿಲ್ಲದವರನ್ನು ಅವರು ನೋಡುವುದೂ ಇಲ್ಲ ಎಂದು ಸರ್ ಮೊದಲೇ ಹೇಳಿದ್ದರು. ನಾನು ಅದನ್ನು ಮನೆಯಲ್ಲಿ ಹೇಳಿದ ದಿನವೇ ಅಪ್ಪ ಊಟಕ್ಕೆ ಕೂತಾಗ ತನ್ನ ಮಾತು ಹೇಳಿಬಿಟ್ಟ.

"ಪಾರ್ಲೆದಾಗ ಆರಿಸಿದ್ರ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಆರಿಸಲಿಲ್ಲಂದ್ರ ಸಾಕ ಮಾಡು ನೀಲಾ. ಸಂಜಿ ಹೊತ್ತು ಮನ್ಯಾಗಿದ್ದು ಅವ್ವಗ ಕೈ ಹಚ್ಚು."

ಅಪ್ಪ ಕೋಪದಿಂದ ಹೇಳಿದ್ದಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಅಪ್ಪ ಕೋಪದಿಂದ ಹೇಳಿದ್ದನ್ನು ಅವ್ವ ಮರುದಿನ ಕರಗಿಸುತ್ತಿದ್ದಳು, ತಣ್ಣಗೆ ಹೇಳಿದ್ದು ಕಲ್ಲಿನ ಮೇಲೆ ಕೊರೆದ ಹಾಗೆ. ನಾನು ಮನೆಯಲ್ಲೂ ಅಭ್ಯಾಸ ಮಾಡತೊಡಗಿದೆ. ಮನೆ ಮುಂದಿನ ಗ್ಯಾಲರಿಯಲ್ಲಿ ನೀರಿನ ಡ್ರಮ್ಮುಗಳು, ಹೊರಗೆ ತಲೆಕೆಳಗಾದರೆ ಮಂದಿ ಏನಂದಾರು ಎಂದು ಅವ್ವನಿಗೆ ಸಂಕೋಚ. ಉಳಿದದ್ದು ಮಂಚಕ್ಕೂ ದೇವರ ಗೋಡೆಗೂ ನಡುವಿನ ಜಾಗ. ದಿನಾ ಸಂಜೆ ಅಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ, ದಿನಾ ಕಾಲು ಇನ್ನಷ್ಟು ಮಡಿಯುತ್ತಿತ್ತು.

ಒಂದು ಸಂಜೆ ವ್ಯಾಯಾಮಶಾಲೆಯಲ್ಲಿ ಸರ್ ಹೊರಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದರು. ನಾನು ಗೆರೆ ಬಿಟ್ಟು ಅಡ್ಡವಾಗಿ, ಯಾರೂ ಇಲ್ಲದ ಖಾಲಿ ಕಿಟಕಿಯ ಕಡೆ ಸುಮ್ಮನೆ ಒಂದು ಕಾರ್ಟ್‌ವೀಲ್ ಹಾಕಿದೆ. ಕಾಲು ಎತ್ತರಕ್ಕೆ ಹೋಯಿತು. ಸರ್ ಚಹಾದ ಗ್ಲಾಸು ಹಿಡಿದೇ ಒಳಗೆ ಬಂದರು. ಇನ್ನೊಮ್ಮೆ ಅಂದರು, ಮತ್ತೆ ಹೋಯಿತು. ಆಮೇಲೆ ನನ್ನನ್ನು ಗೆರೆಯ ಮೇಲೆ ನಿಲ್ಲಿಸಿದರು. ಗೆರೆಯ ತುದಿಯ ಗೋಡೆಗೆ ಮಾರುತಿಯ ಫೋಟೊ. ಕಾಲು ಮಡಿಯಿತು. ತಿರುಗಿ ಬಾ ಅಂದರು. ಈ ತುದಿಯಲ್ಲಿ ಸರ್ ನಿಂತಿದ್ದರು. ಮತ್ತೆ ಮಡಿಯಿತು. ಅವರು ಸ್ವಲ್ಪ ಹೊತ್ತು ಫೋಟೊ ನೋಡಿದರು, ನನ್ನನ್ನು ನೋಡಿದರು.

"ಭಾನುವಾರ ನಿನ್ನ ಮನೆಗೆ ಬರ್ತೇನೆ. ಅಮ್ಮನಿಗೆ ಹೇಳು."

ಭಾನುವಾರ ಸರ್ ಬಂದರು. ಅವ್ವ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. ಸರ್ ಕಟಕ್ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಮುರಿದಾಗ ಅದರ ಚೂರು ಆಯಿಯ ಮಂಚದವರೆಗೆ ಹಾರಿತು. ಆಯಿಗೆ ಅಷ್ಟರಲ್ಲೇ ಅವರು ಇಷ್ಟವಾಗಿಬಿಟ್ಟರು. ಊಟವಾದ ಮೇಲೆ ಸರ್ ನನಗೆ ಇಲ್ಲೇ ಒಂದು ಕಾರ್ಟ್‌ವೀಲ್ ತೋರಿಸು ಅಂದರು. ಅಪ್ಪ ತಟ್ಟೆಗಳನ್ನು ಸರಿಸಿದ. ನಾನು ಬಾಗಿಲ ಕಡೆಯಿಂದ ಹೋದೆ, ಕಾಲು ಮಡಿಚಿ ನುಸುಳಿ ಇಳಿದೆ, ಅಭ್ಯಾಸದಂತೆ ದೇವರಿಗೊಂದು ನಮಸ್ಕಾರ ಮಾಡಿದೆ. ವಾಪಸು ಬಂದೆ, ಮಂಚದ ಅಂಚು ಮುಟ್ಟಿ ಆಯಿಗೊಂದು ಮಾಡಿದೆ. ಮನೆಯವರಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಸರ್ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತರು.

"ಈ ಕಡೆ ದೇವರು, ಆ ಕಡೆ ಅಜ್ಜಿ. ಪಾಪ, ಕಾಲು ಎಲ್ಲಿಗೆ ಹೋಗ್ಬೇಕು ಹೇಳಿ? ಇಷ್ಟು ದಿನ ನಾನು ಮೊಣಕಾಲಿಗೆ ಬೈದದ್ದು."

ನಿಧಾನವಾಗಿ ವಿವರಿಸಿದರು. ಹುಡುಗಿಗೆ ಶಕ್ತಿಯಿದೆ, ಹೆದರಿಕೆಯಿಲ್ಲ, ಆದರೆ ಅಂಗಾಲು ದೇವರಿಗೋ ಹಿರಿಯರಿಗೋ ತೋರುತ್ತದೆ ಅಂದ ಕೂಡಲೇ ಕಾಲು ತಾನೇ ಮಡಿದುಕೊಳ್ಳುತ್ತದೆ. ದೇವರ ಹಲಗೆಯನ್ನು ಅಡುಗೆಕಟ್ಟೆಯ ಕಡೆ ಸರಿಸಿದರೆ ಆದೀತು. ಜೊತೆಗೆ ದಿನಾ ಅವಳು ಕೈ ಮೇಲೆ ನಿಂತಾಗ ಯಾರಾದರೂ ಎರಡೂ ಕಣಕಾಲು ಹಿಡಿದು ಮೇಲಕ್ಕೆ ಎತ್ತಿ ಎಳೆಯಬೇಕು, ನೆಟ್ಟಗೆ ಅಂದರೆ ಎಲ್ಲಿಯವರೆಗೆ ಎಂಬುದು ಮೈಗೆ ತಿಳಿಯಬೇಕು. ಆಯಿ ಕೇಳಿದಳು, ಸೆರಗು ಹೊದ್ದುಕೊಂಡಳು.

"ಮಾಸ್ತರ, ನೀವು ಛಲೋ ಮನಷ್ಯಾರು. ಖರೆ ದೇವ್ರು ಕುಂತದ್ದು ಕುಂತಂಗ ಇರ್ಲಿ. ಮೂಡಣ ದಿಕ್ಕು ಅದು, ನಮ್ಮ ಯಜಮಾನ್ರು ಇಟ್ಟದ್ದು. ಕುಣಿಯೂದು ಹುಡುಗಿ, ಸರಿಯೂದು ದೇವ್ರಾ?"

ಸರ್ ಕೈಮುಗಿದು ಹೊರಟರು. ಅವರು ಮೆಟ್ಟಿಲು ಇಳಿಯುವವರೆಗೆ ಅವ್ವ ತಟ್ಟೆಗಳನ್ನು ಒಟ್ಟು ಮಾಡಿದಳು. ಆಮೇಲೆ ಮೋರಿಯಲ್ಲಿ ಪಾತ್ರೆಗಳು ಮಾತಾಡತೊಡಗಿದವು.

"ದೇವ್ರು ವರಾ ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತಾರಲ್ಲ, ಹಂಗಾತು ನಮ್ಮನಿ ಕಥಿ."

"ಯಾರಿಗಂದಿ ಪೂಜಾರಿ ಅಂತ?"

"ಯಾರಿಗ್ಯಾಕನ್ಲಿ ಅತ್ತಿ. ನನ್ನ ಹಣೀಬರಹಕ್ಕಂದೆ. ನಾ ಮಂದಿ ಮನ್ಯಾಗ ಒಲಿ ಮುಂದ ನಿಂತೇನಿ, ಇಕೀನೂ ನಾಳೆ ಅಲ್ಲೇ ನಿಲ್ಲತಾಳ. ದೇವ್ರು ಮಾತ್ರ ಮೂಡಣ ದಿಕ್ಕಿಗೆ ಕುಂತಿರಲಿ."

ಅವ್ವ ಆಯಿಗೆ ಎದುರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಪ್ಪ ಚಪ್ಪಲಿ ಹಾಕಿಕೊಂಡು ಕೆಳಗೆ ಹೋದ. ಮನೆಯಲ್ಲಿ ಇಬ್ಬರು ಹೆಂಗಸರ ನಡುವೆ ಮಾತು ಬಂದಾಗಲೆಲ್ಲ ಅವನಿಗೆ ಕೆಳಗೆ ಕೆಲಸವಿರುತ್ತಿತ್ತು. ನನಗೆ ಆಯಿಯ ಮೇಲೆ ಸಿಟ್ಟು ಬಂದಿತ್ತು, ಅವಳ ಮೇಲೆ ಸಿಟ್ಟು ಬಂದದ್ದಕ್ಕೆ ಅಳುವೂ ಬಂದಿತ್ತು. ಆಮೇಲೆ ಕೆಲವು ದಿನ ಆಯಿಯ ಪೂಜೆ ಉದ್ದವಾಯಿತು. ಹಲಗೆಯ ಮುಂದೆ ಕೂತು ತುಟಿಯೊಳಗೇ ಏನೋ ಅನ್ನುತ್ತಿದ್ದಳು, ಜಗಳವೋ ಸಲಹೆ ಕೇಳುವುದೋ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ಶಾಲೆಯಿಂದ ಬಂದಾಗ ಖೋಲಿಯಲ್ಲಿ ಬೆಳಕೇ ಬೆಳಕು. ನೋಡಿದರೆ ಕಿಟಕಿಗೆ ಪರದೆಯಿಲ್ಲ. ಅದರ ದಾರ, ಮೊಳೆ ಸಮೇತ ಪರದೆ ದೇವರ ಹಲಗೆಗೆ ಬಂದಿತ್ತು. ಎಲ್ಲಮ್ಮ, ಬಸವಣ್ಣ, ವಿಠ್ಠಲ ಎಲ್ಲರೂ ನೀಲಿ ಹೂವಿನ ಬಟ್ಟೆಯ ಹಿಂದೆ. ಎದುರು ಬಿಲ್ಡಿಂಗಿನ ಹೆಂಗಸೊಬ್ಬಳು ಬಟ್ಟೆ ಹರವುತ್ತ ನೇರವಾಗಿ ನಮ್ಮ ಮನೆಯೊಳಗೇ ನೋಡುತ್ತಿದ್ದಳು. ಆಯಿ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಗುಡ್ಯಾಗ ಅಲಂಕಾರ ಮಾಡೂಮುಂದ ಪೂಜಾರಿ ಪರದೆ ಎಳೀತಾನಿಲ್ಲ? ಆವಾಗ ನಾವು ಈಚೀಕಡೆ ಏನ್ ಮಾಡ್ತೀವಿ ಅಂತ ದೇವ್ರು ಕೇಳ್ತಾನ? ಹಂಗ. ನಿನ್ನ ಆಟಾ ಮುಗಿಸಿ ಆಮ್ಯಾಲೆ ಪರದೆ ತಗಿ."

"ಆಯಿ, ಕಿಟಕಿಯಿಂದ ಮಂದಿ ನೋಡ್ತಾರ."

"ಮಂದಿ ನೋಡ್ಲಿ. ದೇವ್ರು ನೋಡಬಾರ್ದು."

ಪರದೆ ಬಂದರೂ ಕಾಲು ಒಮ್ಮೆಲೇ ಬಿಚ್ಚಿಕೊಳ್ಳಲಿಲ್ಲ. ಬಟ್ಟೆಯ ಹಿಂದೆ ದೇವರಿದ್ದಾರೆ ಎಂಬುದು ನನಗೆ ಗೊತ್ತಿತ್ತು, ನನಗಿಂತ ಚೆನ್ನಾಗಿ ನನ್ನ ಮೊಣಕಾಲಿಗೆ ಗೊತ್ತಿತ್ತು. ಸರ್ ಹೇಳಿದಂತೆ ಕಣಕಾಲು ಹಿಡಿದು ಎತ್ತುವವರು ಬೇಕಿತ್ತು. ಅಪ್ಪ, ಅವ್ವ ಬರುವಷ್ಟರಲ್ಲಿ ಅವರ ಕೈಯಲ್ಲೇ ಶಕ್ತಿ ಉಳಿದಿರುತ್ತಿರಲಿಲ್ಲ. ನಾನು ಒಬ್ಬಳೇ ಕೈ ಮೇಲೆ ನಿಲ್ಲುವುದು, ಕಾಲು ಮಡಿದು ಬೀಳುವುದು ನೋಡಿ ನೋಡಿ ಆಯಿಗೆ ಬೇಸರ ಬಂತೋ ಏನೋ. ಬೆಳ್ಳುಳ್ಳಿಯ ಮೊರ ಪಕ್ಕಕ್ಕಿಟ್ಟು, ಮಂಚ ಹಿಡಿದುಕೊಂಡು ಕೆಳಗಿಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೂಂ, ನಿಂದ್ರು. ಕಾಲ ಕೊಡು."

ನಾನು ಕದಲಲಿಲ್ಲ. ಮೊಮ್ಮಗಳ ಕಾಲನ್ನು ಆಯಿ ಕೈಯಲ್ಲಿ ಹಿಡಿಯುವುದು, ಅದೂ ಅವಳ ಮುಖದೆತ್ತರಕ್ಕೆ, ಅದಕ್ಕಿಂತ ದೊಡ್ಡ ಪಾಪ ನಮ್ಮ ಮನೆಯ ಕಾನೂನಿನಲ್ಲಿ ಇರಲಿಲ್ಲ. ಆಯಿ ಮತ್ತೆ ಗದರಿದಳು. ನಾನು ಕೈಯೂರಿ ಕಾಲು ಎತ್ತಿದೆ, ಅವಳು ಗಪ್ಪನೆ ಎರಡೂ ಕಣಕಾಲು ಹಿಡಿದಳು. ರೊಟ್ಟಿ ಬಡಿದು, ಬೀಸುಕಲ್ಲು ತಿರುವಿ ಗಟ್ಟಿಯಾದ ಕೈ. ಬಾವಿಯಿಂದ ಕೊಡ ಎತ್ತುವವಳ ಹಾಗೆ ಮೇಲಕ್ಕೆಳೆದಳು. ನನ್ನ ಭುಜ ಕಿವಿಗೆ ತಾಗಿತು, ಹೊಟ್ಟೆ ಒಳಗೆ ಹೋಯಿತು, ಮೊಣಕಾಲು ಮೊದಲ ಬಾರಿಗೆ ಹಿಂದೆ ಮುಂದೆ ನೋಡದೆ ನೆಟ್ಟಗಾಯಿತು. ನನ್ನ ಅಂಗಾಲು ಅವಳ ಹಣೆಯ ಪಕ್ಕದಲ್ಲೇ ಇತ್ತು. ಇಳಿದ ಕೂಡಲೇ ನಾನು ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮತ್ತೆ ನಿಂತೆ, ಇಳಿದೆ, ಮುಟ್ಟಿದೆ. ಮತ್ತೆ ನಿಂತೆ, ಒಮ್ಮೆ ಹಿಮ್ಮಡಿ ಅವಳ ಗಲ್ಲಕ್ಕೇ ಬಡಿಯಿತು, ಇಳಿದು ಎರಡೆರಡು ಸಲ ಮುಟ್ಟಿದೆ. ಆಯಿಗೆ ಉಬ್ಬಸ ಬಂದಿತ್ತು, ನಗುವೂ ಬಂದಿತ್ತು.

"ಏ ಹುಚ್ಚಿ, ಎಷ್ಟ ಸಲ ಮಾಡ್ತಿ? ನೀ ನಮಸ್ಕಾರ ಮಾಡೂದ್ರಾಗ ಹೊತ್ತು ಮುಳಗ್ತೈತಿ. ಎಲ್ಲಾ ಕೂಡಿಸಿ ಕೊನಿಗೊಮ್ಮೆ ಮಾಡು."

ಅವತ್ತಿನಿಂದ ಅದೇ ನಮ್ಮ ಪದ್ಧತಿಯಾಯಿತು. ಪರದೆ ಎಳೆಯುವುದು, ಆಯಿ ಕೆಳಗಿಳಿಯುವುದು, ಎಳೆಯುವುದು, ಬೈಯುವುದು, ಕೊನೆಗೆ ಪರದೆ ತೆಗೆದು ದೇವರಿಗೂ ಆಯಿಗೂ ಒಂದೊಂದು ನಮಸ್ಕಾರ. ಅಪ್ಪ ಒಂದು ಭಾನುವಾರ ಸುಣ್ಣ ಹಚ್ಚಿದ ದಾರ ಬಿಗಿಯಾಗಿ ಹಿಡಿದು ಚಿಮ್ಮಿ, ಮಂಚದಿಂದ ದೇವರ ಗೋಡೆಯವರೆಗೆ ನೆಲದ ಮೇಲೆ ಗೆರೆ ಬೀಳಿಸಿಕೊಟ್ಟ. ಗೆರೆ ಅಳಿಸಿಹೋದಾಗಲೆಲ್ಲ ಮತ್ತೆ ಹಾಕಿದ. ಕಾರ್ಟ್‌ವೀಲ್ ಎದ್ದು ನಿಂತಿತು.

ಆಯ್ಕೆಯ ದಿನ ಆಯಿ ತಾನೂ ಬರುತ್ತೇನೆ ಅಂದಳು. ವಡಾಳಾದಿಂದ ಅಂಧೇರಿ ಲೋಕಲ್ ಹಿಡಿದು, ಅವ್ವ, ಆಯಿ, ನಾನು ಲೇಡೀಸ್ ಡಬ್ಬಿಯಲ್ಲಿ ಪಾರ್ಲೆಗೆ ಹೋದೆವು. ಆ ಹಾಲು ಎಷ್ಟು ದೊಡ್ಡದೆಂದರೆ ನಾನು ಅವ್ವನ ಸೆರಗು ಹಿಡಿದುಕೊಂಡೆ. ನೀಲಿ ಗಾದಿ ಉದ್ದಕ್ಕೆ ಹಾಸಿತ್ತು. ಆರಿಸುವ ಮೇಡಂ ಕುರ್ಚಿಯಲ್ಲಿ, ಪಕ್ಕದಲ್ಲಿ ಸದಾನಂದ ಸರ್. ಗಾದಿಯ ಆ ತುದಿಯ ಆಚೆ, ಗೋಡೆಯ ಮೇಲೆ, ಗದೆ ಹಿಡಿದು ನನ್ನನ್ನೇ ನೋಡುತ್ತಿದ್ದ ಇನ್ನೊಬ್ಬ ಮಾರುತಿ. ಅದನ್ನು ಕಂಡ ಕೂಡಲೇ ನನ್ನ ಮೊಣಕಾಲುಗಳು ತಮ್ಮ ಹಳೇ ಪಾಠ ನೆನೆಸಿಕೊಂಡವು. ಮೈ ಬೆಚ್ಚಗಾಗಲು ಹಾಕಿದ ಮೊದಲ ಕಾರ್ಟ್‌ವೀಲ್ ಪಕ್ಕಕ್ಕೆ ಸುತ್ತಿ ಬಂತು. ಸರ್ ಮುಖ ಬಿಳಿಚಿತು. ನನ್ನ ಹೆಸರು ಕರೆದರು. ಇದಾದ ಮೇಲೆ ಇನ್ನು ಮನೆಯೇ, ಸಂಜೆ ಅವ್ವನ ಪಕ್ಕದ ಒಲೆಯೇ ಎಂದು ನಾನು ಗೆರೆಯ ಮೇಲೆ ನಿಂತೇ ಯೋಚಿಸಿದೆ.

ಆಗ ಬೆಂಚಿನ ಮೇಲಿದ್ದ ಆಯಿ ಎದ್ದಳು. ಯಾರನ್ನೂ ಕೇಳಲಿಲ್ಲ. ಗೋಡೆಯ ಪಕ್ಕದಲ್ಲೇ ನಡೆದು ಆ ತುದಿಗೆ ಹೋದಳು, ಮಾರುತಿಯ ಫೋಟೊಗೆ ಬೆನ್ನು ಮಾಡಿ ನಿಂತಳು, ಎರಡೂ ಕೈಯಿಂದ ಸೆರಗು ಅಗಲಿಸಿ ಅವನ ಮುಖಕ್ಕೆ ಅಡ್ಡ ಹಿಡಿದಳು. ಯಾರೋ ಮರಾಠಿಯಲ್ಲಿ ಅಜ್ಜಿ ಪಕ್ಕಕ್ಕೆ ಸರಿಯಿರಿ ಅಂದರು. ಸದಾನಂದ ಸರ್ ಕುರ್ಚಿಯಿಂದ ಅರ್ಧ ಎದ್ದು ಅವರನ್ನು ತಡೆದರು.

"ಇರ್ಲಿ, ಇರ್ಲಿ. ಅಜ್ಜಿ ನಿಲ್ಲಲಿ. ಅವರಿಲ್ಲದೆ ಆಗ್ಲಿಕ್ಕಿಲ್ಲ."

ಆಯಿ ಅಷ್ಟು ದೂರದಿಂದ, ಆ ದೊಡ್ಡ ಹಾಲಿನಲ್ಲಿ, ನಮ್ಮ ಖೋಲಿಯಲ್ಲಿ ಕರೆಯುವ ದನಿಯಲ್ಲೇ ಕರೆದಳು.

"ಕಾಲ ಕೊಡು, ನೀಲಾ."

ಕೊಟ್ಟೆ. ಕೈಯೂರಿದೆ, ಯಾರೋ ಮೇಲಿನಿಂದ ಕಣಕಾಲು ಹಿಡಿದೆಳೆದ ಹಾಗೆ ಭುಜ ಕಿವಿಗೆ ತಾಗಿತು, ಕಾಲುಗಳು ನೆತ್ತಿಯ ಮೇಲಿಂದ ದಾಟಿ ಒಂದರ ಹಿಂದೊಂದು ಗೆರೆಯ ಮೇಲೇ ಬಿದ್ದವು. ಮೇಡಂ ಇನ್ನೊಮ್ಮೆ ಅಂದರು. ಇನ್ನೊಮ್ಮೆ ಹಾಕಿದೆ. ಆಮೇಲೆ ಅವರು ಸರ್ ಕಡೆ ತಿರುಗಿ ಸೋಮವಾರದಿಂದ ಕಳಿಸಿ ಅಂದದ್ದು ನನಗೆ ಕೇಳಿಸಿತು. ಅವ್ವ ಬೆಂಚಿನ ಮೇಲೆ ಕೂತು ಎಲ್ಲರ ಮುಂದೆ ಅತ್ತಳು. ಆಯಿ ಸೆರಗು ಸರಿಮಾಡಿಕೊಂಡು, ಮಾರುತಿಯ ಕಡೆ ತಿರುಗಿ, ತೊಂದರೆ ಕೊಟ್ಟದ್ದಕ್ಕೆ ಕೈಮುಗಿದಳು.

ಆಯಿ ಹೋಗಿ ಬಹಳ ಕಾಲವಾಯಿತು. ಆ ನೀಲಿ ಹೂವಿನ ಪರದೆ ಅವಳಿರುವವರೆಗೂ ದೇವರ ಹಲಗೆಗೇ ಇತ್ತು. ಕಿಟಕಿಗೆ ಅಪ್ಪ ಬೇರೆ ತಂದ. ಈಗ ನಾನು ಅದೇ ಪಾರ್ಲೆಯಲ್ಲಿ ದಿನಾ ಸಂಜೆ ಬೇರೆಯವರ ಮಕ್ಕಳ ಕಣಕಾಲು ಹಿಡಿದು ಎಳೆಯುತ್ತೇನೆ, ನನಗೂ ಉಬ್ಬಸ ಬರುತ್ತದೆ. ಮೊನ್ನೆ ಕಲಬುರಗಿ ಕಡೆಯ ವಾಚ್‌ಮನ್ ಒಬ್ಬರ ಮಗಳು ಹೊಸದಾಗಿ ಬಂದಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ. ಕೈ ಮೇಲೆ ನಿಂತವಳ ಹಿಮ್ಮಡಿ ನನ್ನ ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು ನನಗೆ. ಹುಡುಗಿ ಗಾಬರಿಯಿಂದ ಕೆಳಗಿಳಿದು ನನ್ನ ಪಾದಕ್ಕೆ ಕೈ ಚಾಚಿದಳು.

"ಸಾರಿ ಟೀಚರ್, ಕಾಲು... ಕಾಲು ಲಗ್ ಗಯಾ."

"ಇರ್ಲಿ. ಎಲ್ಲಾ ಕೂಡಿಸಿ ಕೊನಿಗೊಮ್ಮೆ ಮಾಡು," ಅಂದೆ. "ಈಗ ಕಾಲ ಕೊಡು."